ಮೌಂಟಿಂಗ್ ಗಟ್ಟಿ ಮಾಡುವ ಮುನ್ನ



ಮೈಸೂರಿನ ಬೋಗಾದಿ ರಸ್ತೆ ರಿಂಗ್ ರೋಡನ್ನು ಕೂಡುವಲ್ಲಿ ಸಂಜೆ ಹೊತ್ತು ಸಾಲಾಗಿ ನಿಂತ ಕಾರುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಕೆಲವು ಕಾರುಗಳು ಇಂಜಿನ್ ಓಡುತ್ತಿದೆಯೋ ಇಲ್ಲವೋ ಎನ್ನುವಷ್ಟು ಸುಮ್ಮನೆ ನಿಂತಿರುತ್ತವೆ. ಇನ್ನು ಕೆಲವುಗಳ ನಂಬರ್ ಪ್ಲೇಟು ಗಡಗಡ ಎನ್ನುತ್ತಿರುತ್ತದೆ. ಸ್ಟೀರಿಂಗು, ಸೀಟು, ಬಾಗಿಲ ಗಾಜು ಎಲ್ಲವೂ ನಡುಗುತ್ತಿರುತ್ತವೆ. ಓಡಿಸುವವರು ಇದಕ್ಕೆ ಒಗ್ಗಿಹೋಗಿರುತ್ತಾರೆ. ಗಾಡಿಗೆ ವಯಸ್ಸಾಯಿತು, ಇಷ್ಟು ಇದ್ದದ್ದೇ ಎನ್ನುತ್ತಾರೆ. ಎಷ್ಟೋ ಸಲ ವಯಸ್ಸಾಗಿರುವುದು ಗಾಡಿಗಲ್ಲ. ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಬಾಡಿಗೆ ಕಟ್ಟಿ ಹಿಡಿದಿರುವ ಮೂರೋ ನಾಲ್ಕೋ ರಬ್ಬರ್ ತುಂಡುಗಳಿಗೆ. ಗ್ಯಾರೇಜಿನಲ್ಲಿ ಅದಕ್ಕೆ ಮೌಂಟಿಂಗ್ ಎನ್ನುತ್ತಾರೆ. ‘ಮೌಂಟಿಂಗ್ ಕೂತೋಗಿದೆ ಸಾರ್’ ಎಂಬ ಮಾತನ್ನು ಕಾರು ಇಟ್ಟುಕೊಂಡವರು ಎಂದಾದರೂ ಕೇಳಿಯೇ ಇರುತ್ತೀರಿ.

ಈಗೀಗ ಇನ್ನೊಂದು ಬಯಕೆಯೂ ಹುಟ್ಟಿಕೊಂಡಿದೆ. ಹಳೆಯ ಮೌಂಟಿಂಗ್ ತೆಗೆಸಿ ಅದಕ್ಕಿಂತ ಗಟ್ಟಿಯಾದದ್ದನ್ನು ಹಾಕಿಸಿದರೆ ಗಾಡಿ ಚುರುಕಾಗುತ್ತದೆ, ಗೇರು ಕರಾರುವಾಕ್ಕಾಗಿ ಬೀಳುತ್ತದೆ ಎಂಬ ನಂಬಿಕೆ. ನಂಬಿಕೆ ಪೂರ್ತಿ ಸುಳ್ಳೇನಲ್ಲ. ಆದರೆ ಅದರ ಬೆಲೆ ಏನು ಎಂದು ಹಾಕಿಸುವವರಿಗೆ ಯಾರೂ ಮೊದಲೇ ತಿಳಿಸುವುದಿಲ್ಲ. ಆ ಬೆಲೆಯನ್ನು ಬಿಡಿಸಿ ಹೇಳುವುದಕ್ಕೆಂದೇ ಈ ಹೊತ್ತಿನ ಮಾತು.

ನಾನು ಮಾತಾಡುತ್ತಿರುವ ಈ ಆಕಾಶವಾಣಿ ನಿಲಯ ಇರುವುದು ಯಾದವಗಿರಿಯಲ್ಲಿ. ಇದೇ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆಯಿತು. ಜಾವಾ, ಆಮೇಲೆ ಯೆಜ್ಡಿ, ರೋಡ್‌ಕಿಂಗ್, ಎಲ್ಲವೂ ಇಲ್ಲಿಂದಲೇ ಹೊರಟವು. ಆ ಬೈಕುಗಳನ್ನು ಓಡಿಸಿದ ಮೈಸೂರಿನವರು ಇಂದಿಗೂ ಅವುಗಳ ಸದ್ದನ್ನು ನೆನೆಯುತ್ತಾರೆ. ಸದ್ದಿನ ಜೊತೆಗೆ ನಡುಕವನ್ನೂ ನೆನೆಯುತ್ತಾರೆ. ಅವುಗಳ ಇಂಜಿನ್ನು ಬೋಲ್ಟುಗಳಿಂದ ನೇರವಾಗಿ ಚಾಸಿಗೆ ಬಿಗಿದಿರುತ್ತದೆ, ನಡುವೆ ರಬ್ಬರ್ ಇಲ್ಲ. ಬೆಂಗಳೂರಿಗೆ ಒಂದೇ ಓಟದಲ್ಲಿ ಹೋಗಿ ಇಳಿದರೆ ಅಂಗೈ ಜೋಮು ಹಿಡಿದಿರುತ್ತಿತ್ತು. ಇಂಜಿನ್ನನ್ನು ಗಟ್ಟಿಯಾಗಿ ಹಿಡಿದರೆ ಏನಾಗುತ್ತದೆ ಎಂಬ ಪಾಠವನ್ನು ಈ ಊರು ತನ್ನ ಅಂಗೈಯಲ್ಲೇ ಕಲಿತಿದೆ.

ಕಾರುಗಳೂ ಒಂದು ಕಾಲದಲ್ಲಿ ಹೀಗೆಯೇ ಇದ್ದವು. ಇಂಜಿನ್ನು ಚಾಸಿಗೆ ಬಿಗಿದ ಒಂದು ಭಾಗ, ಅಷ್ಟೆ. ಅದನ್ನು ಬದಲಿಸಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿ, 1931ರಲ್ಲಿ, ತನ್ನ ಪ್ಲಿಮತ್ ಕಾರಿನಲ್ಲಿ. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಮುಂದೆ ಮೇಲುಗಡೆ ಒಂದು, ಹಿಂದೆ ಕೆಳಗಡೆ ಒಂದು ರಬ್ಬರ್ ಆಸರೆ ಕೊಟ್ಟರು. ಆ ಎರಡನ್ನು ಸೇರಿಸಿ ಎಳೆದ ಗೆರೆ ಇಂಜಿನ್ನಿನ ತೂಕದ ನಡುವಿನಲ್ಲೇ ಹಾದುಹೋಗುವಂತೆ ನೋಡಿಕೊಂಡರು. ಇಂಜಿನ್ನು ಆ ಗೆರೆಯ ಸುತ್ತ ಅತ್ತಿತ್ತ ಹೊರಳಾಡಬಹುದು. ಹೊರಳಾಟ ಮಿತಿಮೀರದಂತೆ ಪಕ್ಕದಲ್ಲಿ ಒಂದು ಪಟ್ಟಿ ಸ್ಪ್ರಿಂಗು. ಇದಕ್ಕೆ ಅವರಿಟ್ಟ ಹೆಸರು ಫ್ಲೋಟಿಂಗ್ ಪವರ್. ಮರುವರ್ಷವೇ ಫ್ರಾನ್ಸಿನ ಸಿಟ್ರೊಯೆನ್ ಆ ಹಕ್ಕನ್ನು ಪಡೆದು ತನ್ನ ಕಾರುಗಳಲ್ಲಿ ಅಳವಡಿಸಿತು, ನೀರಿನ ಮೇಲೆ ತೇಲುವ ಹಂಸವನ್ನು ಅದರ ಗುರುತಾಗಿ ಇಟ್ಟುಕೊಂಡಿತು. ನಿಮ್ಮ ಮನೆ ಮುಂದೆ ನಿಂತಿರುವ ಕಾರಿನ ಬಾನೆಟ್ ಎತ್ತಿ ನೋಡಿ. ತೊಂಬತ್ತು ವರ್ಷ ದಾಟಿದರೂ ಮೂಲ ಉಪಾಯ ಅದೇ.

ಇವತ್ತಿನ ಸಾಧಾರಣ ಕಾರಿನಲ್ಲಿ ಇಂಜಿನ್ನು ಅಡ್ಡಲಾಗಿ ಕೂತಿರುತ್ತದೆ. ಬಲಗಡೆ ಇಂಜಿನ್ನಿಗೆ ಒಂದು ಮೌಂಟಿಂಗ್, ಎಡಗಡೆ ಗೇರ್‌ಬಾಕ್ಸಿಗೆ ಒಂದು. ಕಾರಿನ ಮಾದರಿ ನೋಡಿಕೊಂಡು ಇದು ಅದಲುಬದಲಾಗುವುದೂ ಉಂಟು. ಕೆಳಗೆ, ಹಿಂಭಾಗದಲ್ಲಿ ಮೂರನೆಯದು: ಎರಡು ತುದಿಗೂ ರಬ್ಬರ್ ಬುಶ್ ಇರುವ ಒಂದು ಚಿಕ್ಕ ತೋಳು, ಟಾರ್ಕ್ ರಾಡ್. ಮೇಲಿನ ಎರಡು ತೂಕ ಹೊರುತ್ತವೆ. ಕೆಳಗಿನದು ತೂಕ ಹೊರುವುದಿಲ್ಲ, ಇಂಜಿನ್ನು ಮುಂದಕ್ಕೂ ಹಿಂದಕ್ಕೂ ವಾಲದಂತೆ ತಡೆಯುತ್ತದೆ. ಪ್ಲಿಮತ್ತಿನ ಪಟ್ಟಿ ಸ್ಪ್ರಿಂಗು ಮಾಡುತ್ತಿದ್ದ ಕೆಲಸವೇ ಇದು.

ಈ ವಾಲಾಟದ ಬಲ ಎಷ್ಟೆಂದು ಒಂದು ಲೆಕ್ಕ ಹಾಕೋಣ. ಚಿಕ್ಕ ಪೆಟ್ರೋಲ್ ಇಂಜಿನ್ನಿನ ತಿರುಚುಬಲ, ಅಂದರೆ ಟಾರ್ಕು, 110 ನ್ಯೂಟನ್ ಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಗೇರಿನಲ್ಲಿ ಅದು ಸುಮಾರು ಮೂರೂವರೆ ಪಟ್ಟಾಗುತ್ತದೆ, ಡಿಫರೆನ್ಷಿಯಲ್ಲಿನಲ್ಲಿ ಮತ್ತೆ ನಾಲ್ಕು ಪಟ್ಟು. ಚಕ್ರಕ್ಕೆ ಹೋಗುವ ಹೊತ್ತಿಗೆ 1,540 ನ್ಯೂಟನ್ ಮೀಟರ್. ಚಕ್ರವನ್ನು ಮುಂದಕ್ಕೆ ತಿರುಗಿಸುವ ಅಷ್ಟೇ ಬಲ ಇಂಜಿನ್ನನ್ನು ಹಿಂದಕ್ಕೆ ತಿರುಚುತ್ತದೆ. ಅರ್ಧ ಮೀಟರ್ ದೂರದಲ್ಲಿ ನಿಂತು ಅದನ್ನು ತಡೆಯಬೇಕಾದರೆ ಮುನ್ನೂರು ಕಿಲೋಗೂ ಮಿಕ್ಕ ತೂಕದ ಒತ್ತಡವನ್ನು ತಾಳಬೇಕು. ಚಾಮುಂಡಿ ಬೆಟ್ಟದ ತಿರುವಿನಲ್ಲಿ ನಿಂತ ಕಾರನ್ನು ಏರಿನಲ್ಲಿ ಎತ್ತುವಾಗ ಆ ಪುಟ್ಟ ಬುಶ್ಶಿನ ಮೇಲೆ ಬೀಳುವ ಭಾರ ಈ ಬಗೆಯದು.

ಅಂಬಾಸಡರ್, ಓಮ್ನಿ, ಕ್ವಾಲಿಸ್‌ಗಳಲ್ಲಿ ಹೀಗಿರಲಿಲ್ಲ. ಅವು ಹಿಂದಿನ ಚಕ್ರದಿಂದ ಓಡುವ ಗಾಡಿಗಳು. ಡಿಫರೆನ್ಷಿಯಲ್ಲು ಹಿಂದಿನ ಆಕ್ಸಲ್ಲಿನಲ್ಲಿ ಇರುವುದರಿಂದ ಕೊನೆಯ ಆ ನಾಲ್ಕು ಪಟ್ಟಿನ ತಿರುಚನ್ನು ಆಕ್ಸಲ್ಲನ್ನು ಹಿಡಿದ ಪಟ್ಟಾಗಳೋ ತೋಳುಗಳೋ ನುಂಗಿಕೊಳ್ಳುತ್ತಿದ್ದವು. ಇಂಜಿನ್ ಮೌಂಟಿಂಗಿಗೆ ಕಾಲುಭಾಗ ಮಾತ್ರ. ಬೋಗಾದಿಯ ನೆರೆಯ ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆಯಲ್ಲಿ ತಯಾರಾಗುವ ಲಾರಿಗಳ ಹಿಂದಿನ ಆಕ್ಸಲ್ಲುಗಳ ಕಥೆಯೂ ಇದೇ. ಮುಂದಿನ ಚಕ್ರದ ಕಾರಿನಲ್ಲಿ ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಒಂದೇ ಗಂಟು. ಆದ್ದರಿಂದ ಇಡೀ ತಿರುಚು ಮೌಂಟಿಂಗುಗಳ ಪಾಲು. ಹಳೆಯ ಗಾಡಿಗಳಲ್ಲಿ ಮೌಂಟಿಂಗ್ ಹೋಗುತ್ತಲೇ ಇರಲಿಲ್ಲ, ಈಗಿನವು ಬೇಗ ಹೋಗುತ್ತವೆ ಎಂದು ಹಿರಿಯರು ಹೇಳುವುದರಲ್ಲಿ ಇಷ್ಟು ನಿಜವಿದೆ.

ಹಾಗಾದರೆ ಗಟ್ಟಿಯದನ್ನೇ ಹಾಕಿಬಿಡೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲೇ ನಿಲ್ಲಬೇಕು, ಏಕೆಂದರೆ ಮೌಂಟಿಂಗಿಗೆ ಹಿಡಿಯುವ ಕೆಲಸದ ಜೊತೆಗೆ ನಡುಕವನ್ನು ಬಾಡಿಗೆ ದಾಟಿಸದಿರುವ ಕೆಲಸವೂ ಇದೆ. ಎರಡೂ ಒಂದಕ್ಕೊಂದು ವಿರುದ್ಧ.

ಮನೆಯ ಉಯ್ಯಾಲೆಗೆ ಅದರದೇ ಒಂದು ತೂಗುವ ಲಯ ಇರುತ್ತದಲ್ಲ, ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗುವೂ ದೊಡ್ಡವರನ್ನು ಜೋರಾಗಿ ತೂಗಬಹುದು. ಅದಕ್ಕಿಂತ ಬಹಳ ಬೇಗಬೇಗ ತಳ್ಳಿದರೆ ಉಯ್ಯಾಲೆ ಅಲುಗುವುದೇ ಇಲ್ಲ. ರಬ್ಬರಿನ ಮೇಲೆ ಕೂತ ಇಂಜಿನ್ನಿಗೂ ಅಂಥ ಸ್ವಂತ ಲಯವಿದೆ. ಅದು ಸೆಕೆಂಡಿಗೆ ಸುಮಾರು 10 ಸಲ ಎಂದಿಟ್ಟುಕೊಳ್ಳೋಣ. ನಾಲ್ಕು ಸಿಲಿಂಡರಿನ ಇಂಜಿನ್ನು ನಿಮಿಷಕ್ಕೆ 800 ಸುತ್ತಿನಲ್ಲಿ ಐಡ್ಲಿಂಗ್ ಓಡುವಾಗ ಒಂದೊಂದು ಸುತ್ತಿಗೆ ಎರಡು ಪೆಟ್ಟಿನಂತೆ ಸೆಕೆಂಡಿಗೆ ಹೆಚ್ಚುಕಡಿಮೆ 27 ಪೆಟ್ಟು ಕೊಡುತ್ತದೆ. ಮೂರು ಸಿಲಿಂಡರಿನದು ಸುತ್ತಿಗೆ ಒಂದೂವರೆ ಪೆಟ್ಟಿನಂತೆ ಸೆಕೆಂಡಿಗೆ 20. ಪೆಟ್ಟಿನ ಸಂಖ್ಯೆ ಸ್ವಂತ ಲಯದ 1.4 ಪಟ್ಟನ್ನು ದಾಟಿದ ಮೇಲೆಯೇ ರಬ್ಬರು ನಡುಕವನ್ನು ತಡೆಯಲು ಶುರುಮಾಡುತ್ತದೆ. ಲಯ 10 ಇದ್ದರೆ ಆ ಗಡಿ 14. ಎರಡು ಬಗೆಯ ಇಂಜಿನ್ನೂ ಗಡಿಯ ಆಚೆಗಿವೆ, ಕಾರು ಸುಮ್ಮನೆ ನಿಂತಿರುತ್ತದೆ.

ಈಗ ಮೌಂಟಿಂಗನ್ನು ನಾಲ್ಕು ಪಟ್ಟು ಗಟ್ಟಿ ಮಾಡಿ. ಸ್ವಂತ ಲಯ ಎರಡು ಪಟ್ಟಾಗಿ 20ಕ್ಕೆ ಬರುತ್ತದೆ. ಮೂರು ಸಿಲಿಂಡರ್ ಇಂಜಿನ್ನಿನ ಪೆಟ್ಟೂ 20. ಎರಡೂ ಒಂದೇ ತಾಳಕ್ಕೆ ಬಿದ್ದವು. ನಡುಕ ಕಡಿಮೆಯಾಗುವ ಬದಲು ಇದ್ದದ್ದಕ್ಕಿಂತ ಹಿಗ್ಗುತ್ತದೆ. ನಾಲ್ಕು ಸಿಲಿಂಡರಿನದಕ್ಕೂ ಸುಖವಿಲ್ಲ. ಹೊಸ ಗಡಿ 28 ಆಗಿರುವುದರಿಂದ 27 ಪೆಟ್ಟಿನ ಅದು ಗಡಿಯ ಒಳಗೇ ಉಳಿಯಿತು. ಪ್ರತಿ ಸಿಗ್ನಲ್ಲಿನಲ್ಲೂ ಸ್ಟೀರಿಂಗ್ ಗುಂಯ್‌ಗುಟ್ಟುತ್ತದೆ. ಗಟ್ಟಿ ಮೌಂಟಿಂಗ್ ಹಾಕಿಸಿದವರು ಮೊದಲ ವಾರವೇ ‘ಐಡ್ಲಿಂಗ್ ಸ್ವಲ್ಪ ಏರಿಸಿ’ ಎಂದು ಗ್ಯಾರೇಜಿಗೆ ಮರಳುವುದು ಇದೇ ಕಾರಣಕ್ಕೆ. ಏರಿಸಿದರೆ ನಡುಕ ತಗ್ಗುತ್ತದೆ, ನಿಜ. ಪೆಟ್ರೋಲೂ ಉರಿಯುತ್ತದೆ.

ನಮ್ಮಲ್ಲಿ ಮೂರು ಸಿಲಿಂಡರ್ ಅಪರೂಪದ್ದಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮೂರು ಸಿಲಿಂಡರಿನ 796 ಸಿಸಿ ಕಾರು. 2024ರಲ್ಲಿ ಬಂದ ಹೊಸ ಸ್ವಿಫ್ಟ್ ಕೂಡ ನಾಲ್ಕನ್ನು ಬಿಟ್ಟು ಮೂರಕ್ಕೆ ಇಳಿದಿದೆ. ನಿಮ್ಮ ಬೀದಿಯ ಕೆಎ 09 ಕಾರುಗಳಲ್ಲಿ ಒಂದಷ್ಟಾದರೂ ಈ ಬಗೆಯವು. ಮೂರು ಸಿಲಿಂಡರಿನದಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ತೊನೆಯುವ ಹುಟ್ಟುಗುಣವೊಂದು ಬೇರೆ ಇದೆ. ಅಂಥ ಕಾರಿಗೆ ಮೌಂಟಿಂಗಿನ ಮೆತುತನವೇ ಮರ್ಯಾದೆ ಕಾಯುವುದು.

ಹೆದ್ದಾರಿಯಲ್ಲಿ ಕಥೆ ಬೇರೆ. 3,000 ಸುತ್ತಿನಲ್ಲಿ ನಾಲ್ಕು ಸಿಲಿಂಡರ್ ಇಂಜಿನ್ನು ಸೆಕೆಂಡಿಗೆ 100 ಪೆಟ್ಟು ಕೊಡುತ್ತದೆ. ಅಲ್ಲಿ ಗಟ್ಟಿ ಮೌಂಟಿಂಗೂ ನಡುಕವನ್ನು ತಡೆಯುತ್ತದೆ, ಆದರೆ ಮೆತುವಾದದ್ದಕ್ಕೆ ಹೋಲಿಸಿದರೆ ಬಾಡಿಗೆ ತಲುಪುವ ಬಲ ನಾಲ್ಕು ಪಟ್ಟು. 100ರ ಈ ಕಂಪನ ಕಿವಿಗೆ ಚೆನ್ನಾಗಿ ಕೇಳುವ ಸದ್ದು. ಮೈಸೂರಿನಿಂದ ಬೆಂಗಳೂರಿನವರೆಗೆ ಒಂದೇ ವೇಗದಲ್ಲಿ ಓಡುವಾಗ ಕಾರಿನೊಳಗೆ ಮೊರೆತದಂತೆ ಅದು ತುಂಬಿಕೊಳ್ಳುತ್ತದೆ. ಮಾತಾಡಲು ದನಿ ಏರಿಸಬೇಕು, ಹಾಡಿನ ಕೆಳದನಿ ಕೇಳುವುದಿಲ್ಲ, ಇಳಿದಾಗ ತಲೆ ಭಾರ. ಬೋಗಾದಿಗೆ ಹೋಗುವ ದಾರಿಯಲ್ಲೇ, ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಯ ಬೆಲೆ ಏನೆಂದು ಆ ಸಂಸ್ಥೆಯ ಆವರಣಕ್ಕೆ ಒಮ್ಮೆ ಹೋಗಿ ಬಂದವರಿಗೆ ಬೇರೆ ಹೇಳಬೇಕಿಲ್ಲ. ಕಾರಿನ ಮೊರೆತದಿಂದ ಕಿವುಡಾಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ದಣಿವು ಬರುತ್ತದೆ, ದಣಿದ ಚಾಲಕ ಅಪಾಯ ತರುತ್ತಾನೆ.

ಗಟ್ಟಿ ಮೌಂಟಿಂಗ್ ಯಾರಿಗೆ ಬೇಕು, ಹಾಗಾದರೆ? ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರ‍್ಯಾಲಿ ಓಡುವ ಕಾರುಗಳನ್ನು ನೋಡಿದವರಿಗೆ ಗೊತ್ತು. ಕ್ಷಣಕ್ಷಣಕ್ಕೂ ಆಕ್ಸಿಲರೇಟರ್ ಒತ್ತುವುದು, ಬಿಡುವುದು, ಗೇರ್ ಇಳಿಸುವುದು. ಪ್ರತಿ ಸಲವೂ ಇಂಜಿನ್ನು ವಾಲಿ, ಮತ್ತೆ ನೆಟ್ಟಗಾಗಿ, ಆಮೇಲೆ ಎಳೆಯಲು ಶುರುಮಾಡಿದರೆ ಕಾಲ ಹಾಳು. ಗೇರ್ ಕಡ್ಡಿ ತಪ್ಪು ಜಾಗಕ್ಕೆ ಬೀಳುವ ಭಯವೂ ಇದೆ. ಅವರು ಪಾಲಿಯುರೆಥೇನ್ ಹಾಕುತ್ತಾರೆ, ಕೆಲವರು ಅಲ್ಯುಮಿನಿಯಂ ತುಂಡನ್ನೇ ಹಾಕುತ್ತಾರೆ. ನಡುಕ, ಸದ್ದು ಅವರಿಗೆ ಲೆಕ್ಕಕ್ಕಿಲ್ಲ. ಓಟ ಮುಗಿದ ಮೇಲೆ ಬೋಲ್ಟು, ಬ್ರಾಕೆಟ್ಟು, ವೆಲ್ಡಿಂಗು ಎಲ್ಲವನ್ನೂ ತಡಕಿ ನೋಡುವ ತಂಡ ಜೊತೆಗಿರುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು, ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿಗೆ ಅಂಥ ತಂಡವಿಲ್ಲ. ರಬ್ಬರು ತಡೆಯದ ನಡುಕವನ್ನು ಬಾಡಿಯ ಬ್ರಾಕೆಟ್ಟುಗಳು ತಿನ್ನುತ್ತವೆ, ಡ್ಯಾಶ್‌ಬೋರ್ಡಿನ ಕ್ಲಿಪ್ಪುಗಳು ತಿನ್ನುತ್ತವೆ, ವೈರಿನ ಕನೆಕ್ಟರುಗಳು ತಿನ್ನುತ್ತವೆ.

ರಬ್ಬರಿನ ಬಗ್ಗೆ ನನಗೆ ಗೌರವವಿದೆ. ಮರದಿಂದ ಬಸಿದ ಹಾಲು, ಗಂಧಕದ ಜೊತೆ ಬೆಂದು ಗಟ್ಟಿಯಾಗಿ, ಕಾರ್ಬನ್ ಪುಡಿಯಿಂದ ಕಸುವು ಪಡೆದು, ಕಬ್ಬಿಣಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಪೆಟ್ಟು ತಿನ್ನುತ್ತದೆ. ಕೃತಕ ರಬ್ಬರುಗಳು ಎಷ್ಟೋ ಬಂದರೂ ಮೌಂಟಿಂಗಿಗೆ ನೈಸರ್ಗಿಕ ರಬ್ಬರನ್ನೇ ಹೆಚ್ಚಾಗಿ ಬಳಸುತ್ತಾರೆ. ಎಳೆದಷ್ಟೂ ಅದರ ಒಳಗಿನ ಎಳೆಗಳು ಸಾಲಾಗಿ ಜೋಡಿಕೊಂಡು, ಹುಟ್ಟಿದ ಬಿರುಕು ಮುಂದೆ ಹೋಗದಂತೆ ತಡೆಯುತ್ತವೆ. ಅದಕ್ಕೆ ಮೂರು ಶತ್ರುಗಳಿವೆ: ಬಿಸಿ, ಗಾಳಿಯಲ್ಲಿರುವ ಓಜೋನ್, ಇಂಜಿನ್ ಆಯಿಲ್. ಮೂರನೆಯದು ನಮ್ಮ ಕೈಯಲ್ಲೇ ಇದೆ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಸೋರಿ ಆಯಿಲ್ಲು ಮೌಂಟಿಂಗಿನ ಮೇಲೆ ಇಳಿಯುತ್ತಿದ್ದರೆ ರಬ್ಬರು ಊದಿಕೊಂಡು ಮೆತ್ತಗಾಗಿ ಹರಿಯುತ್ತದೆ. ಸೋರುವುದನ್ನು ನಿಲ್ಲಿಸದೆ ಹೊಸ ಮೌಂಟಿಂಗ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪಾಲಿಯುರೆಥೇನಿಗೆ ಆಯಿಲ್ಲಿನ ಭಯ ಕಡಿಮೆ, ಇದನ್ನು ಒಪ್ಪಬೇಕು.

ದುಬಾರಿ ಕಾರುಗಳಲ್ಲಿ, ಈಗ ನಡುವಿನ ದರದ ಕೆಲವು ಕಾರುಗಳಲ್ಲೂ, ಒಳಗೆ ದ್ರವ ತುಂಬಿದ ಮೌಂಟಿಂಗ್ ಇರುತ್ತದೆ. ಎರಡು ಕೋಣೆ, ನಡುವೆ ಕಿರಿದಾದ ಓಣಿ. ಗುಂಡಿಗೆ ಬಿದ್ದು ಇಂಜಿನ್ನು ಕುಪ್ಪಳಿಸಿದಾಗ ದ್ರವ ಆ ಓಣಿಯಲ್ಲಿ ನುಗ್ಗಿ ಕುಣಿತವನ್ನು ತಗ್ಗಿಸುತ್ತದೆ. ಐಡ್ಲಿಂಗಿನ ಸಣ್ಣ ನಡುಕಕ್ಕೆ ಮೆತುವಾಗಿಯೇ ಉಳಿಯುತ್ತದೆ. ಹಿಡಿಯುವುದು, ಬಿಡುವುದು ಎಂಬ ಎರಡು ವಿರುದ್ಧ ಕೆಲಸಗಳಿಗೆ ಇಷ್ಟು ಚೆಂದದ ರಾಜಿ ಇನ್ನೊಂದಿಲ್ಲ. ಮೌಂಟಿಂಗಿನ ಸುತ್ತ ಕಪ್ಪು ಜಿಡ್ಡಿನ ಒದ್ದೆ ಕಂಡರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ. ಇದರ ಜಾಗಕ್ಕೆ ಕಡಿಮೆ ದುಡ್ಡಿನ ಬರೀ ರಬ್ಬರಿನದನ್ನು ಹಾಕಿಸಬೇಡಿ.

ಪರೀಕ್ಷೆ ಹೇಗೆ ಎಂದು ಕೇಳುವಿರಿ. ಬಾನೆಟ್ ಎತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಕಾಲಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿರಲಿ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಎಳೆತ ಶುರುವಾಗುವಷ್ಟು ಮಾತ್ರ ಬಿಡಲಿ, ಆಮೇಲೆ ರಿವರ್ಸಿನಲ್ಲಿ. ಇನ್ನೊಬ್ಬರು ಕಾರಿನ ಪಕ್ಕದಲ್ಲಿ ನಿಂತು ನೋಡಲಿ. ಮುಂದೆಯೂ ನಿಲ್ಲಬಾರದು, ಹಿಂದೆಯೂ ನಿಲ್ಲಬಾರದು, ಇದನ್ನು ಒತ್ತಿ ಹೇಳುತ್ತೇನೆ. ಇಂಜಿನ್ನು ಸ್ವಲ್ಪ ವಾಲುವುದು ಸಹಜ. ಅಂಗುಲಕ್ಕೂ ಮಿಕ್ಕಿ ಎದ್ದರೆ, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ ಮೌಂಟಿಂಗ್ ಹೋಗಿದೆ. ಓಡಿಸುವಾಗಲೂ ಗುರುತು ಸಿಗುತ್ತದೆ: ಕ್ಲಚ್ ಬಿಟ್ಟೊಡನೆ ‘ದಡ್’ ಎನ್ನುವುದು, ಆಕ್ಸಿಲರೇಟರ್ ಬಿಟ್ಟಾಗ ಗೇರ್ ಕಡ್ಡಿ ಹಾರುವುದು, ಸೈಲೆನ್ಸರ್ ಪೈಪಿನ ಜಾಯಿಂಟು ಪದೇಪದೇ ಬಿರಿಯುವುದು. ತಾನಾಗಿ ಗೇರ್ ಬದಲಿಸುವ ಎ.ಎಂ.ಟಿ. ಕಾರುಗಳಲ್ಲಿ ಗೇರ್ ಬದಲಾಗುವಾಗಿನ ತಲೆದೂಗಾಟ ದಿನೇದಿನೇ ಹೆಚ್ಚುತ್ತದೆ. ಆದರೆ ಬರೀ ನಡುಕವಿದ್ದ ಮಾತ್ರಕ್ಕೆ ಮೌಂಟಿಂಗನ್ನು ದೂರಬೇಡಿ. ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲ್ಲು, ಮಸಿ ಹಿಡಿದ ಥ್ರಾಟಲ್ ಬಾಡಿ, ಇವುಗಳಲ್ಲಿ ಯಾವುದು ಕೈಕೊಟ್ಟರೂ ಇಂಜಿನ್ನು ನಡುಗುತ್ತದೆ. ಮೊದಲು ಅವನ್ನು ನೋಡಿಸಿ.

ನನ್ನ ತೀರ್ಪು ಇದು. ಮೌಂಟಿಂಗ್ ಉತ್ತಮಪಡಿಸಬೇಕೆಂದರೆ ಮೊದಲು ಕಂಪನಿಯ ಅಸಲಿ ಮೌಂಟಿಂಗುಗಳನ್ನೇ ಹೊಸದಾಗಿ ಹಾಕಿಸಿ, ಆದರೆ ಮೂರನ್ನೂ ಒಟ್ಟಿಗೆ. ಒಂದು ಹರಿದರೆ ಅದರ ಭಾರ ಉಳಿದವುಗಳ ಮೇಲೆ ಬಿದ್ದಿರುತ್ತದೆ. ಗಾಡಿ ಚುರುಕಾಗಬೇಕೆಂದು ಗಟ್ಟಿಯದಕ್ಕೆ ಹೋಗುವ ಎಷ್ಟೋ ಜನರಿಗೆ ಬೇಕಾಗಿದ್ದ ಚುರುಕು ಇಷ್ಟರಲ್ಲೇ ಸಿಗುತ್ತದೆ. ಅವರು ಹೋಲಿಸುತ್ತಿರುವುದು ಗಟ್ಟಿಯದನ್ನೂ ಹರಿದದ್ದನ್ನೂ, ಗಟ್ಟಿಯದನ್ನೂ ಹೊಸದನ್ನೂ ಅಲ್ಲ. ಇಷ್ಟಾದ ಮೇಲೂ ಗೇರು ಇನ್ನೂ ಬಿಗಿಯಾಗಿ ಬೀಳಬೇಕೆನಿಸಿದರೆ ಕೆಳಗಿನ ಟಾರ್ಕ್ ರಾಡಿನ ಬುಶ್ಶೊಂದನ್ನು ಮಾತ್ರ ಕೊಂಚ ಗಟ್ಟಿ ಮಾಡಿಸಿ. ಅದು ತೂಕ ಹೊರುವುದಿಲ್ಲವಾದ್ದರಿಂದ ಐಡ್ಲಿಂಗಿನ ನಡುಕ ಅಷ್ಟು ಕೆಡುವುದಿಲ್ಲ, ವಾಲಾಟ ಮಾತ್ರ ತಗ್ಗುತ್ತದೆ. ಮೇಲಿನ ಎರಡನ್ನು ಮುಟ್ಟಬೇಡಿ. ಹರಿದ ಮೌಂಟಿಂಗಿನ ಸಂದಿಗೆ ಹಳೆಯ ಟೈರಿನ ತುಂಡು ತುರುಕುವುದು, ಗಾಜು ಅಂಟಿಸುವ ಗೋಂದು ತುಂಬುವುದು, ಇವನ್ನು ಎರಡು ದಿನದ ಪ್ರಯಾಣ ಮುಗಿಸಿ ಮನೆ ಸೇರಲು ಮಾಡಿದರೆ ಒಪ್ಪುತ್ತೇನೆ, ಕಾಯಂ ರಿಪೇರಿ ಎಂದರೆ ಒಪ್ಪುವುದಿಲ್ಲ.

ಕಾನೂನಿನ ಮಾತು ಒಂದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿ ದಾಖಲಾದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಮೌಂಟಿಂಗಿನ ವಿವರ ಆರ್.ಸಿ.ಯಲ್ಲಿ ಇರುವುದಿಲ್ಲ. ಆದರೆ ಬೇರೆ ಇಂಜಿನ್ನನ್ನೇ ಕೂರಿಸಲು ಮೌಂಟಿಂಗ್ ಬದಲಿಸುವ ಆಲೋಚನೆ ಇದ್ದರೆ ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ. ವಾರಂಟಿ ಇರುವ ಕಾರಿಗಂತೂ ಹೊರಗಿನ ಮೌಂಟಿಂಗ್ ಬೇಡವೇ ಬೇಡ.

ಕೆಲಸ ಮಾಡಿಸುವಾಗ ಪಕ್ಕದಲ್ಲಿ ನಿಂತು ಎರಡು ಸಂಗತಿ ನೋಡಿಕೊಳ್ಳಿ. ಮೌಂಟಿಂಗ್ ಬಿಚ್ಚುವ ಮೊದಲು ಇಂಜಿನ್ನಿನ ಕೆಳಗೆ ಜಾಕಿ ಕೊಡುತ್ತಾರೆ. ಜಾಕಿಗೂ ಆಯಿಲ್ ಸಂಪಿಗೂ ನಡುವೆ ಅಗಲವಾದ ಮರದ ಹಲಗೆ ಇರಬೇಕು, ಇಲ್ಲದಿದ್ದರೆ ಸಂಪು ನುಗ್ಗಾಗುತ್ತದೆ. ಜಾಕಿಯ ಆಸರೆ ಮಾತ್ರ ಇರುವಾಗ ಯಾರೂ ಅಡಿಗೆ ನುಸುಳಬಾರದು. ಇನ್ನು ಬೋಲ್ಟುಗಳು. ಎಲ್ಲವನ್ನೂ ಮೊದಲು ಕೈಯಲ್ಲಿ ಹಿಡಿಸಿ, ಇಂಜಿನ್ನು ತನ್ನ ಭಾರದಲ್ಲಿ ತಾನೇ ಕೂತ ಮೇಲೆ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ರಬ್ಬರು ಮೊದಲ ದಿನದಿಂದಲೇ ತಿರುಚಿಕೊಂಡಿರುತ್ತದೆ, ಹೊಸ ಮೌಂಟಿಂಗ್ ಹಾಕಿದರೂ ನಡುಕ ಹೋಗಲಿಲ್ಲ ಎಂಬ ದೂರು ಅಲ್ಲಿಂದಲೇ ಹುಟ್ಟುತ್ತದೆ. ಅವಸರ ಮಾಡದೆ ಹೀಗೆ ಕೂರಿಸುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಕೈಬಿಡಬೇಡಿ, ಕೂಲಿಗೆ ಚೌಕಾಸಿ ಮಾಡಬೇಡಿ.

ಬ್ಯಾಟರಿ ಕಾರಿಗೂ ಮೌಂಟಿಂಗ್ ಬೇಕು. ಅಲ್ಲಿ ಐಡ್ಲಿಂಗ್ ಇಲ್ಲ, ಆದರೆ ಮೋಟಾರಿನ ಕೀರಲು ಸದ್ದನ್ನು ತಡೆಯಬೇಕು, ಕಾಲಿಟ್ಟ ಕೂಡಲೇ ಬರುವ ತಿರುಚನ್ನು ತಾಳಬೇಕು.

ಬ್ರೇಕು, ಆಯಿಲ್ಲು, ಟೈರುಗಳನ್ನು ಎಲ್ಲರೂ ನೆನಪಿಟ್ಟು ನೋಡಿಸುತ್ತಾರೆ. ಮುಂದಿನ ಸಲ ಕಾರನ್ನು ಸರ್ವಿಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ‘ಇಂಜಿನ್, ಗೇರ್‌ಬಾಕ್ಸ್ ಮೌಂಟಿಂಗ್ ನೋಡುವುದು’ ಎಂದು ಒಂದು ಸಾಲು ಬರೆಸಿ, ಸಂಜೆ ಕಾರು ತರಲು ಹೋದಾಗ ಏನು ಕಂಡಿತು ಎಂದು ಕೇಳಿ.